ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ



ನಿಮ್ಮ ಮನೆಯ ಕಪಾಟಿನ ಕೆಳಗಿನ ಡ್ರಾಯರನ್ನೊಮ್ಮೆ ಎಳೆದು ನೋಡಿ. ಹಳೆಯ ಬೀಗದ ಕೈ, ಮುಗಿದ ಬ್ಯಾಟರಿ ಸೆಲ್ಲು, ಗುಂಡಿಗಳ ಡಬ್ಬಿ, ಇವುಗಳ ನಡುವೆ ಟಾರ್ಚ್ ಇರುವ ಒಂದು ನೋಕಿಯಾ ಮೊಬೈಲ್ ಸಿಕ್ಕಿದರೂ ಸಿಕ್ಕೀತು. 2003ರಲ್ಲಿ ಬಂದ ನೋಕಿಯಾ 1100 ಎಂಬ ಆ ಮಾದರಿ ಜಗತ್ತಿನಾದ್ಯಂತ ಸುಮಾರು 25 ಕೋಟಿ ಮಾರಾಟವಾಗಿತ್ತು. ಗಲ್ಫಿನಿಂದ ಬಂದ ಗಂಡನೋ ಅಣ್ಣನೋ ತಂದುಕೊಟ್ಟದ್ದಿರಬಹುದು, ಊರಿನ ಪೇಟೆಯಲ್ಲಿ ಕೊಂಡದ್ದೂ ಇರಬಹುದು.

ಒಂದು ಮೊಬೈಲಿನ ಬೆಲೆಯಲ್ಲಿ ಯಾರ್ಯಾರ ಪಾಲು ಇರುತ್ತದೆ ಎಂದು ಯಾವತ್ತಾದರೂ ಯೋಚಿಸಿದ್ದೀರಾ? ಅಂಗಡಿಯವನ ಲಾಭ, ಸಾಗಾಟದ ಖರ್ಚು, ಸರಕಾರದ ತೆರಿಗೆ, ಕಾರ್ಖಾನೆಯ ಕೂಲಿ ಇವೆಲ್ಲ ನಮಗೆ ಗೊತ್ತು. ಇವುಗಳ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಪಾಲಿದೆ. ಅದುವೇ ರಾಯಲ್ಟಿ. ಈ ಪಾಲು ಎಷ್ಟಿರಬೇಕು ಎಂಬ ವಿಷಯದಲ್ಲಿ ಜಗತ್ತಿನ ದೊಡ್ಡ ಕಂಪೆನಿಗಳು ಎರಡು ದಶಕಗಳಿಂದಲೂ ಕಾದಾಡುತ್ತಾ ಬಂದಿವೆ. ಇದು ಕರಿಕೋಟಿನ ವಕೀಲರ ವಿಷಯ, ಅಡುಗೆ ಮನೆಗೇನು ಸಂಬಂಧ ಎನ್ನಬೇಡಿ. ಈ ಜಗಳದ ಖರ್ಚು ಸುತ್ತಿ ಸುತ್ತಿ ಬಂದು ಬೀಳುವುದು ಫೋನು ಕೊಳ್ಳುವವರ ತಲೆಯ ಮೇಲೆಯೇ. ಅಷ್ಟೇ ಅಲ್ಲ, ಇದನ್ನು ಹತ್ತಿರದಿಂದ ನೋಡಿದರೆ ನಮ್ಮ ನಿಮ್ಮ ಮನೆಗಳ ಜಗಳದ ಮುಖವೂ ಇದರಲ್ಲಿ ಕಾಣುತ್ತದೆ.

ಓಣಿಗೆ ಜಾಗ ಕೊಟ್ಟವರು

ಮೊದಲು ಪೇಟೆಂಟ್ ಎಂದರೇನೆಂದು ತಿಳಿಯೋಣ. ಹೊಸದೊಂದನ್ನು ಕಂಡುಹಿಡಿದವರಿಗೆ ಸರಕಾರ ಕೊಡುವ ಹಕ್ಕುಪತ್ರವದು. ನಿಮ್ಮ ಉಪಾಯವನ್ನು ಗುಟ್ಟಾಗಿಡದೆ ಬರೆದು ಕೊಡಿ, 20 ವರ್ಷಗಳ ಕಾಲ ನಿಮ್ಮ ಅನುಮತಿ ಇಲ್ಲದೆ ಯಾರೂ ಅದನ್ನು ಬಳಸಬಾರದು, ಆ ಬಳಿಕ ಅದು ಎಲ್ಲರ ಸೊತ್ತು. ಇದು ಸರಕಾರ ಮತ್ತು ಸಂಶೋಧಕನ ನಡುವಿನ ಕರಾರು. ಬಳಸಲು ಕೊಡುವ ಅನುಮತಿಗೆ ಲೈಸೆನ್ಸ್ ಎನ್ನುತ್ತಾರೆ. ಅದಕ್ಕೆ ತೆರುವ ಹಣವೇ ರಾಯಲ್ಟಿ.

ಮಿಕ್ಸರಿಗೋ ಕುಕ್ಕರಿಗೋ ಆದರೆ ಇಷ್ಟರಲ್ಲಿ ಮುಗಿಯುತ್ತದೆ. ಒಬ್ಬರ ಪೇಟೆಂಟ್ ದುಬಾರಿಯಾದರೆ ಇನ್ನೊಂದು ದಾರಿ ಹುಡುಕಿಕೊಳ್ಳಬಹುದು. ಮೊಬೈಲಿನಲ್ಲಿ ಹಾಗಾಗದು. ಒಂದು ಕಂಪೆನಿಯ ಫೋನು ಇನ್ನೊಂದು ಕಂಪೆನಿಯ ಟವರಿನೊಡನೆ ಮಾತನಾಡಬೇಕು. ಮಂಗಳೂರಿನಿಂದ ಮಾಡಿದ ಕರೆ ದಮ್ಮಾಮಿನಲ್ಲಿ ಕೇಳಿಸಬೇಕು. ಅದಕ್ಕಾಗಿ ಎಲ್ಲರೂ ಒಂದೇ ಭಾಷೆಯನ್ನು ಒಪ್ಪಿಕೊಳ್ಳಬೇಕು. ಈ ಒಪ್ಪಿದ ಭಾಷೆಗೆ ಮಾನದಂಡ ಎಂದು ಹೆಸರು. 2ಜಿ, 3ಜಿ, 4ಜಿ, 5ಜಿ ಎಂದೆಲ್ಲ ನಾವು ಕೇಳುವುದು ಇಂತಹ ಮಾನದಂಡಗಳ ತಲೆಮಾರುಗಳನ್ನೇ.

ಒಂದು ಹೋಲಿಕೆ ಕೊಡುತ್ತೇನೆ. ಹತ್ತು ಮನೆಗಳಿಗೆ ಒಂದು ಓಣಿ ಬೇಕಾಗಿದೆ ಎಂದಿಟ್ಟುಕೊಳ್ಳಿ. ಓಣಿ ಹಾದು ಹೋಗುವ ಜಾಗ ಐದಾರು ಮಂದಿಗೆ ಸೇರಿದ್ದು. ಅವರೆಲ್ಲ ಕೂಡಿ ಕುಳಿತು, ಇಲ್ಲೇ ಓಣಿಯಾಗಲಿ, ನಡೆದಾಡುವವರಿಂದ ನ್ಯಾಯವಾದ ಬಾಡಿಗೆ ಮಾತ್ರ ತೆಗೆದುಕೊಳ್ಳುತ್ತೇವೆ ಎಂದು ಮಾತು ಕೊಡುತ್ತಾರೆ. ಆ ಮಾತನ್ನು ನಂಬಿ ಜನ ಸಾಲ ಮಾಡಿ ಮನೆ ಕಟ್ಟುತ್ತಾರೆ. ಮನೆ ಎದ್ದು ನಿಂತ ಮೇಲೆ ಜಾಗದವರಲ್ಲಿ ಒಬ್ಬರು ಬಾಡಿಗೆ ಏರಿಸಿದರೆ? ಬೇರೆ ದಾರಿ ಇಲ್ಲ, ಮನೆಯನ್ನು ಎತ್ತಿ ಒಯ್ಯುವಂತೆಯೂ ಇಲ್ಲ. ಹಾಗೆಂದು ಬಾಡಿಗೆಯನ್ನೇ ಕೊಡುವುದಿಲ್ಲ ಎಂದು ಮನೆಯವರು ಹಟ ಹಿಡಿದರೆ ಜಾಗ ಬಿಟ್ಟುಕೊಟ್ಟವರ ಗತಿಯೇನು? ನಡೆದ ಹೆಜ್ಜೆಯನ್ನು ಹಿಂದಕ್ಕೆ ಕೇಳಲಾಗುತ್ತದೆಯೇ? ಎರಡೂ ಕಡೆಯವರಿಗೆ ಅನ್ಯಾಯ ಮಾಡುವ ಅವಕಾಶವಿದೆ, ಎರಡೂ ಕಡೆಯವರಿಗೆ ಅನ್ಯಾಯವಾಗುವ ಭಯವೂ ಇದೆ.

ಯುರೋಪಿನಲ್ಲಿ ಇಂತಹ ಮಾನದಂಡಗಳನ್ನು ರೂಪಿಸಲು 1988ರಲ್ಲಿ ಸ್ಥಾಪನೆಯಾದ ಸಂಸ್ಥೆಯೊಂದು ಫ್ರಾನ್ಸಿನ ದಕ್ಷಿಣದಲ್ಲಿರುವ ಸೋಫಿಯಾ ಆಂಟಿಪೋಲಿಸ್‌ನಲ್ಲಿದೆ. ತಮ್ಮ ಪೇಟೆಂಟನ್ನು ಮಾನದಂಡದಲ್ಲಿ ಸೇರಿಸುವ ಕಂಪೆನಿಗಳಿಂದ ಅದು ಒಂದು ಮಾತು ಕೇಳುತ್ತದೆ. ನ್ಯಾಯಯುತವಾದ, ಸಮಂಜಸವಾದ, ತಾರತಮ್ಯವಿಲ್ಲದ ಷರತ್ತುಗಳ ಮೇಲೆ ಲೈಸೆನ್ಸ್ ಕೊಡಲು ಸಿದ್ಧರಿದ್ದೀರಾ ಎಂದು. ಕಂಪೆನಿಗಳು ಹೂಂ ಎನ್ನುತ್ತವೆ. ಆದರೆ ಆ ಮಾತಿನಲ್ಲಿ ಒಂದು ಅಂಕಿಯೂ ಇಲ್ಲ! ಮದುವೆಯ ಮಾತುಕತೆಯಲ್ಲಿ, ನಮಗೇನೂ ಬೇಡ, ನಿಮ್ಮ ಮಗಳಿಗೆ ನಿಮಗೆ ತೋಚಿದ್ದನ್ನು ಕೊಡಿ ಎಂದು ನಗುತ್ತಾ ಹೇಳಿ ಹೋದವರು ಆಮೇಲೆ ಏನೇನು ಮಾಡುತ್ತಾರೆಂಬುದು ನಿಮಗೆ ಗೊತ್ತಿಲ್ಲದ್ದೇನಲ್ಲ. ಅಸ್ಪಷ್ಟ ಮಾತು ಆಡುವಾಗ ಸಿಹಿ, ನಿಭಾಯಿಸುವಾಗ ಕಹಿ.

ಪಡೆಯದೆ ಹೋದವಳು

ಮುಂದೆ ಹೋಗುವ ಮೊದಲು ಒಬ್ಬ ಹೆಣ್ಣುಮಗಳನ್ನು ನೆನೆಯೋಣ. ಹೆಡಿ ಲಮಾರ್ ಎಂಬಾಕೆ 1914ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ಚಲನಚಿತ್ರ ನಟಿಯಾಗಿದ್ದವಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಕೆ ಮತ್ತು ಜಾರ್ಜ್ ಆಂಥೈಲ್ ಎಂಬ ಸಂಗೀತಗಾರ ಸೇರಿ, ಶತ್ರುಗಳು ರೇಡಿಯೋ ಸಂಕೇತವನ್ನು ಕೆಡಿಸದಂತೆ ಅದನ್ನು ಒಂದು ತರಂಗದಿಂದ ಇನ್ನೊಂದು ತರಂಗಕ್ಕೆ ಹಾರಿಸುವ ಉಪಾಯ ಕಂಡುಹಿಡಿದರು. 1942ರ ಆಗಸ್ಟ್ 11ರಂದು ಪೇಟೆಂಟ್ ಸಿಕ್ಕಿತು. ಯುದ್ಧ ಮುಗಿಯುವವರೆಗೂ ನೌಕಾಪಡೆ ಅದನ್ನು ಬಳಸಲಿಲ್ಲ. 1959ರಲ್ಲಿ ಪೇಟೆಂಟಿನ ಅವಧಿ ಮುಗಿಯಿತು. ಆಕೆಯ ಕೈಗೆ ಬಂದ ರಾಯಲ್ಟಿ ಶೂನ್ಯ. ಸಂಕೇತವನ್ನು ಹರಡಿ ಕಳುಹಿಸುವ ಆ ತತ್ವದ ಬಂಧು ಬಳಗವೇ ಮುಂದೆ ಮೊಬೈಲಿಗೂ ಮನೆಯ ಬ್ಲೂಟೂತಿಗೂ ಬಂತು. 1997ರಲ್ಲಿ ಆಕೆಗೊಂದು ಪ್ರಶಸ್ತಿ ಕೊಟ್ಟರು. ಆಗ ವಯಸ್ಸು 80 ದಾಟಿತ್ತು. ಬುದ್ಧಿ ಖರ್ಚು ಮಾಡಿದವರಿಗೆ ಪ್ರತಿಫಲ ಬೇಕೇ ಬೇಡವೇ ಎಂಬ ಪ್ರಶ್ನೆ ಬಂದಾಗಲೆಲ್ಲ ಈಕೆಯ ನೆನಪಿರಲಿ. ರಾಯಲ್ಟಿ ಕೇಳುವುದೇ ದುರಾಸೆ ಎಂದು ಹೇಳಿಬಿಡುವುದು ಸುಲಭ, ಆದರೆ ಸರಿಯಲ್ಲ.

ಎರಡು ಮನೆಗಳ ಜಗಳ

ಈಗ ಮುಖ್ಯ ಕತೆಗೆ ಬರುತ್ತೇನೆ. 1985ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಇರ್ವಿನ್ ಜೇಕಬ್ಸ್ ಮತ್ತು ಸಂಗಡಿಗರು ಕ್ವಾಲ್ಕಾಮ್ ಎಂಬ ಕಂಪೆನಿ ಕಟ್ಟಿದರು. ಸಿಡಿಎಂಎ ಎಂಬ ತಂತ್ರಜ್ಞಾನವನ್ನು ಮೊಬೈಲಿಗೆ ಒಗ್ಗಿಸಿದ್ದು ಇವರ ಸಾಧನೆ. ನಮ್ಮಲ್ಲಿ 2003ರಲ್ಲಿ ರಿಲಯನ್ಸ್ 501 ರೂಪಾಯಿ ಕಟ್ಟಿಸಿಕೊಂಡು ಫೋನು ಹಂಚಿತ್ತಲ್ಲ, ಅದು ಇದೇ ತಂತ್ರಜ್ಞಾನದ ಫೋನು. 3ಜಿ ಬಂದಾಗ ಅದರ ಬುಡದಲ್ಲೂ ಇದೇ ತತ್ವವಿತ್ತು. ಆದ್ದರಿಂದ 3ಜಿ ಫೋನು ಮಾಡುವ ಎಲ್ಲರೂ ಕ್ವಾಲ್ಕಾಮಿನ ಬಾಗಿಲು ತಟ್ಟಲೇಬೇಕಾಯಿತು. ಕ್ವಾಲ್ಕಾಮ್ ಮೊದಲು ತಾನೇ ಫೋನು ತಯಾರಿಸುತ್ತಿತ್ತು. 2000ದಲ್ಲಿ ಆ ವಿಭಾಗವನ್ನು ಜಪಾನಿನ ಕ್ಯೋಸೆರಾಕ್ಕೆ ಮಾರಿ, ಚಿಪ್ ಮತ್ತು ಪೇಟೆಂಟುಗಳ ಮೇಲೆ ಗಮನವಿಟ್ಟಿತು.

ಇನ್ನೊಂದು ಕಡೆ ಫಿನ್ಲೆಂಡಿನ ನೋಕಿಯಾ. 2008ರ ಆರಂಭದಲ್ಲಿ ಜಗತ್ತಿನಲ್ಲಿ ಮಾರಾಟವಾಗುತ್ತಿದ್ದ ಪ್ರತಿ ಹತ್ತು ಫೋನುಗಳಲ್ಲಿ ಹತ್ತಿರ ಹತ್ತಿರ ನಾಲ್ಕು ನೋಕಿಯಾದ್ದೇ. ಈ ಎರಡು ಕಂಪೆನಿಗಳ ನಡುವಿನ ಲೈಸೆನ್ಸ್ ಒಪ್ಪಂದದ ಮುಖ್ಯ ಭಾಗ 2007ರ ಏಪ್ರಿಲ್ 9ಕ್ಕೆ ಮುಗಿಯುವುದಿತ್ತು. ಜಗಳ ಅದಕ್ಕೂ ಮೊದಲೇ ಹೊತ್ತಿಕೊಂಡಿತ್ತು. 2005ರ ಅಕ್ಟೋಬರಿನಲ್ಲಿ ನೋಕಿಯಾ, ಎರಿಕ್ಸನ್, ಬ್ರಾಡ್‌ಕಾಮ್ ಸೇರಿ ಆರು ಕಂಪೆನಿಗಳು ಕ್ವಾಲ್ಕಾಮ್ ವಿರುದ್ಧ ಯುರೋಪಿಯನ್ ಆಯೋಗಕ್ಕೆ ದೂರು ಕೊಟ್ಟವು. ಮರು ತಿಂಗಳೇ ಕ್ವಾಲ್ಕಾಮ್ ನೋಕಿಯಾದ ಮೇಲೆ ಅಮೆರಿಕದಲ್ಲಿ ದಾವೆ ಹೂಡಿತು.

ತಕರಾರೇನು? ಕ್ವಾಲ್ಕಾಮ್ ಕೇಳುತ್ತಿದ್ದದ್ದು ಫೋನಿನ ಸಗಟು ಬೆಲೆಯ ಮೇಲೆ ಶೇಕಡಾ 5ರ ಆಸುಪಾಸು. ಅಂದರೆ 10,000 ರೂಪಾಯಿಯ ಫೋನಿಗೆ ಸುಮಾರು 500 ರೂಪಾಯಿ. ನೋಕಿಯಾ ಹೇಳಿತು: ನಿಮ್ಮ ಹಳೆಯ ಪೇಟೆಂಟುಗಳಿಗೆ ನಾವು ಕೊಡಬೇಕಾದದ್ದು ಕೊಟ್ಟಾಗಿದೆ. ಹೊಸ ಫೋನಿನಲ್ಲಿ ನಿಮ್ಮ ಪಾಲು ಮೊದಲಿನಷ್ಟಿಲ್ಲ. ನಮ್ಮ ಪೇಟೆಂಟುಗಳನ್ನು ನಿಮ್ಮ ಚಿಪ್ಪಿನಲ್ಲಿ ನೀವೂ ಬಳಸುತ್ತೀರಿ, ಅದರ ಲೆಕ್ಕ ಎಲ್ಲಿ? ಕ್ವಾಲ್ಕಾಮ್ ಹೇಳಿತು: ಸಂಪರ್ಕವೇ ಇಲ್ಲದಿದ್ದರೆ ನಿಮ್ಮ ಫೋನು ಆಟಿಕೆ. ಆ ಸಂಪರ್ಕಕ್ಕಾಗಿ ವರ್ಷಗಟ್ಟಲೆ ಹಣ ಸುರಿದವರು ನಾವು.

ಟೈಲರಿಂಗ್ ಮಾಡುವ ಸಹೋದರಿಯರಿಗೆ ಈ ವಾದ ಥಟ್ಟನೆ ಅರ್ಥವಾಗುತ್ತದೆ. ಮೀಟರಿಗೆ 100 ರೂಪಾಯಿಯ ಬಟ್ಟೆ ತಂದರೂ 1,000 ರೂಪಾಯಿಯ ಬಟ್ಟೆ ತಂದರೂ ಹೊಲಿಗೆಯ ಶ್ರಮ ಹೆಚ್ಚುಕಡಿಮೆ ಅಷ್ಟೇ. ಬಟ್ಟೆಯ ಬೆಲೆಯ ಮೇಲೆ ಶೇಕಡಾವಾರು ಮಜೂರಿ ಕೇಳಿದರೆ ಗಿರಾಕಿ ಒಪ್ಪುತ್ತಾರೆಯೇ? ಆದರೆ ಮನೆ ಮಾರಿಸಿಕೊಡುವ ದಲ್ಲಾಳಿಗೆ ನಾವು ಮನೆಯ ಬೆಲೆಯ ಮೇಲೆಯೇ ಕಮಿಷನ್ ಕೊಡುತ್ತೇವೆ, ಅದರಲ್ಲಿ ನಮಗೆ ಏನೂ ವಿಚಿತ್ರ ಕಾಣುವುದಿಲ್ಲ. ಹಾಗಾದರೆ ಪೇಟೆಂಟಿನವನು ಟೈಲರೋ ದಲ್ಲಾಳಿಯೋ? ಜಗಳದ ತಿರುಳು ಇಷ್ಟೇ. ಮುಂದೆ 2017ರಲ್ಲಿ ಆಪಲ್ ಕಂಪೆನಿಯ ಮುಖ್ಯಸ್ಥ ಟಿಮ್ ಕುಕ್ ಇದೇ ವಿಷಯಕ್ಕೆ ಸೋಫಾದ ಉದಾಹರಣೆ ಕೊಟ್ಟರು. ಸೋಫಾ ಇಡುವ ಮನೆಯ ಬೆಲೆ ನೋಡಿ ಸೋಫಾಕ್ಕೆ ಬೆಲೆ ಕಟ್ಟಿದ ಹಾಗಾಯಿತು ಎಂಬುದು ಅವರ ದೂರು.

2007ರ ಏಪ್ರಿಲಿನಲ್ಲಿ ನೋಕಿಯಾ ತನಗೆ ನ್ಯಾಯವೆಂದು ಕಂಡ 2 ಕೋಟಿ ಡಾಲರ್ ಕಳುಹಿಸಿತು. ಕ್ವಾಲ್ಕಾಮ್ ಅದನ್ನು ಸಮರ್ಪಕ ಮೊತ್ತವೆಂದು ಒಪ್ಪಲಿಲ್ಲ. ಬಳಿಕ ಅಮೆರಿಕ, ಬ್ರಿಟನ್, ಜರ್ಮನಿ ಎಂದು ದೇಶದಿಂದ ದೇಶಕ್ಕೆ ಮೊಕದ್ದಮೆಗಳು ಹಬ್ಬಿದವು. 2008ರ ಮಾರ್ಚಿನಲ್ಲಿ ಲಂಡನ್ನಿನ ಹೈಕೋರ್ಟ್ ಕ್ವಾಲ್ಕಾಮಿನ ಎರಡು ಪೇಟೆಂಟುಗಳನ್ನು ಅಸಿಂಧುವೆಂದಿತು. ಕೊನೆಗೆ ಅಮೆರಿಕದ ಡೆಲವೇರ್ ನ್ಯಾಯಾಲಯದಲ್ಲಿ ಮುಖ್ಯ ವಿಚಾರಣೆ ಆರಂಭವಾಗಬೇಕಿದ್ದ 2008ರ ಜುಲೈ 23ರಂದೇ ರಾಜಿ ಪ್ರಕಟವಾಯಿತು! 15 ವರ್ಷಗಳ ಒಪ್ಪಂದ. ನೋಕಿಯಾ ದೊಡ್ಡ ಮೊತ್ತವೊಂದನ್ನು ಮುಂಗಡವಾಗಿ ಕೊಡುವುದು (ಅದು 170 ಕೋಟಿ ಯೂರೋ ಎಂದು ಆಮೇಲೆ ಬಹಿರಂಗವಾಯಿತು), ಮುಂದೆಯೂ ರಾಯಲ್ಟಿ ಕೊಡುತ್ತಿರುವುದು, ತನ್ನ ಕೆಲವು ಪೇಟೆಂಟುಗಳನ್ನು ಕ್ವಾಲ್ಕಾಮಿಗೆ ಬಿಟ್ಟುಕೊಡುವುದು, ಆಯೋಗಕ್ಕೆ ಕೊಟ್ಟ ದೂರನ್ನು ಹಿಂತೆಗೆಯುವುದು.

ಇಷ್ಟು ವರ್ಷ ಹೊಡೆದಾಡಿ ಬಾಗಿಲ ಬಳಿ ಬಂದು ಕೈ ಕುಲುಕಿದ್ದೇಕೆ? ನ್ಯಾಯಾಧೀಶರು ಒಂದು ಅಂಕಿ ಹೇಳಿದರೆ ಅದು ಇಡೀ ಜಗತ್ತಿಗೆ ಗೊತ್ತಾಗುತ್ತದೆ. ಪಡೆಯುವವನಿಗೆ ಅದು ಕಡಿಮೆಯಾದೀತು ಎಂಬ ಭಯ, ಕೊಡುವವನಿಗೆ ಹೆಚ್ಚಾದೀತು ಎಂಬ ಭಯ. ಇಬ್ಬರ ಭಯವೂ ಸಮನಾದಾಗ ರಾಜಿ ಹುಟ್ಟುತ್ತದೆ. 2017ರಲ್ಲಿ ಆರಂಭವಾದ ಆಪಲ್ ಮತ್ತು ಕ್ವಾಲ್ಕಾಮ್ ಜಗಳವೂ 2019ರ ಏಪ್ರಿಲ್ 16ರಂದು, ಸ್ಯಾನ್ ಡಿಯಾಗೋದ ನ್ಯಾಯಾಲಯದಲ್ಲಿ ವಕೀಲರು ಮೊದಲ ವಾದ ಮಂಡಿಸುತ್ತಿದ್ದಾಗಲೇ ಹೀಗೆಯೇ ಮುಗಿಯಿತು.

ಮುಚ್ಚಿಟ್ಟ ಕಾಗದಗಳು

ರಾಜಿಯಾದ ಮಾತ್ರಕ್ಕೆ ಎಲ್ಲರೂ ಪ್ರಾಮಾಣಿಕರಾಗಿದ್ದರು ಎನ್ನಲಾಗದು. ಓಣಿಯ ಸಭೆಯಲ್ಲಿ ತನ್ನ ಜಾಗವೂ ಇದರಲ್ಲಿದೆ ಎಂದು ಬಾಯಿ ಬಿಡದೆ ಕುಳಿತು, ಓಣಿಯಾದ ಮೇಲೆ ದಾಖಲೆ ಹಿಡಿದು ಬಂದರೆ ಹೇಗಿರುತ್ತದೆ? ವೀಡಿಯೋವನ್ನು ಚಿಕ್ಕದಾಗಿಸಿ ಕಳುಹಿಸುವ ಮಾನದಂಡವೊಂದರ ವಿಷಯದಲ್ಲಿ ಕ್ವಾಲ್ಕಾಮ್ ಬ್ರಾಡ್‌ಕಾಮಿನ ಮೇಲೆ ದಾವೆ ಹೂಡಿತ್ತು. ಆ ಮಾನದಂಡ ರೂಪುಗೊಳ್ಳುವಾಗ ತಾನು ಸಮಿತಿಯಲ್ಲಿ ಇರಲೇ ಇಲ್ಲ ಎಂಬಂತೆ ವಾದಿಸಿತು. ವಿಚಾರಣೆಯ ಕೊನೆಯಲ್ಲಿ ಬೇರೆಯೇ ಕತೆ ಹೇಳುವ ಇಮೇಲ್‌ಗಳು ಹೊರಬಂದವು. ಬಳಿಕ ಸಾವಿರಾರು ದಾಖಲೆಗಳು ಸಿಕ್ಕವು. 2007ರಲ್ಲಿ ನ್ಯಾಯಾಲಯ ಆ ಪೇಟೆಂಟುಗಳ ಬಲವನ್ನೇ ಕಿತ್ತುಕೊಂಡಿತು. 2008ರ ಜನವರಿಯಲ್ಲಿ ದಾಖಲೆ ಮುಚ್ಚಿಟ್ಟದ್ದಕ್ಕಾಗಿ 85 ಲಕ್ಷ ಡಾಲರಿಗೂ ಹೆಚ್ಚು ಖರ್ಚು ಭರಿಸಲು ಆದೇಶಿಸಿತು. ಈ ಎರಡು ಕಂಪೆನಿಗಳ ಬೇರೆಲ್ಲ ಜಗಳಗಳೂ 2009ರ ಏಪ್ರಿಲಿನಲ್ಲಿ ಮುಗಿದಾಗ ಕ್ವಾಲ್ಕಾಮ್ ಬ್ರಾಡ್‌ಕಾಮಿಗೆ ನಾಲ್ಕು ವರ್ಷಗಳಲ್ಲಿ 89 ಕೋಟಿ 10 ಲಕ್ಷ ಡಾಲರ್ ಕೊಡಲು ಒಪ್ಪಿತು. ಪಡೆಯುವುದರಲ್ಲೇ ಪಳಗಿದ ಕೈ ಅಂದು ಕೊಡಬೇಕಾಗಿ ಬಂತು. ಸುಳ್ಳು ಆಡಿದರೆ ಮಾತ್ರ ಸುಳ್ಳಲ್ಲ, ಹೇಳಬೇಕಾದ ಕಡೆ ಸುಮ್ಮನಿರುವುದೂ ಸುಳ್ಳೇ.

ಚಕ್ರ ತಿರುಗಿತು

ಈಗ ಮೇಲಿನ ತಲೆಬರಹಕ್ಕೆ ಬರುತ್ತೇನೆ. ರಾಯಲ್ಟಿ ಹೆಚ್ಚಾಯಿತು ಎಂದು ಗೋಳಿಟ್ಟ ನೋಕಿಯಾ ಮುಂದೇನಾಯಿತು? ಟಚ್ ಫೋನುಗಳ ಓಟದಲ್ಲಿ ಅದು ಹಿಂದೆ ಬಿತ್ತು. 2014ರ ಏಪ್ರಿಲಿನಲ್ಲಿ ತನ್ನ ಫೋನ್ ವ್ಯವಹಾರವನ್ನು ಮೈಕ್ರೋಸಾಫ್ಟಿಗೆ ಮಾರಿತು. ಆದರೆ ಪೇಟೆಂಟುಗಳನ್ನು ಮಾರಲಿಲ್ಲ. ಹತ್ತು ವರ್ಷ ಬಳಸಲು ಅನುಮತಿ ಕೊಟ್ಟು ಅದಕ್ಕೆ 165 ಕೋಟಿ ಯೂರೋ ಪಡೆಯಿತು. ಮನೆ ಮಾರಿದರೂ ಅಂಗಳದ ತೆಂಗಿನ ಮರಗಳನ್ನು ತನ್ನ ಹೆಸರಿನಲ್ಲೇ ಉಳಿಸಿಕೊಂಡ ಹಾಗೆ.

ಅಂದಿನಿಂದ ನೋಕಿಯಾ ವಸೂಲಿಗೆ ಹೊರಡುವ ಸರದಿ. ಆಪಲ್‌ನಿಂದ 2011ರಲ್ಲೇ ಒಮ್ಮೆ ಪಡೆದಿತ್ತು, 2017ರಲ್ಲಿ ಮತ್ತೊಮ್ಮೆ ಪಡೆಯಿತು. ಚೀನಾದ ಒಪ್ಪೋ ಕಂಪೆನಿಯೊಂದಿಗಿನ ಒಪ್ಪಂದ ಮುಗಿದಾಗ ಜರ್ಮನಿ, ಭಾರತ ಎಂದು ಹಲವು ದೇಶಗಳಲ್ಲಿ ದಾವೆ ಹಾಕಿತು. 2022ರಲ್ಲಿ ಜರ್ಮನಿಯಲ್ಲಿ ಒಪ್ಪೋ ತನ್ನ ಮಾರಾಟವನ್ನೇ ನಿಲ್ಲಿಸಬೇಕಾಯಿತು. 2023ರ ಜುಲೈಯಲ್ಲಿ ದಿಲ್ಲಿ ಹೈಕೋರ್ಟ್, ಹಿಂದಿನ ಒಪ್ಪಂದದಂತೆ ಕೊನೆಯದಾಗಿ ಕೊಟ್ಟ ಮೊತ್ತದ ಶೇಕಡಾ 23ರಷ್ಟನ್ನು ಠೇವಣಿ ಇಡುವಂತೆ ಒಪ್ಪೋಗೆ ಹೇಳಿತು. 2024ರ ಜನವರಿಯಲ್ಲಿ ಅದೂ ರಾಜಿಯಲ್ಲಿ ಮುಗಿಯಿತು. 2007ರಲ್ಲಿ ನೋಕಿಯಾ ಕ್ವಾಲ್ಕಾಮಿಗೆ ಹೇಳಿದ್ದನ್ನೇ ಈಗ ಇತರರು ನೋಕಿಯಾಕ್ಕೆ ಹೇಳುತ್ತಿದ್ದರು, ಅಂದು ಕ್ವಾಲ್ಕಾಮ್ ಕೊಟ್ಟ ಉತ್ತರವನ್ನೇ ಈಗ ನೋಕಿಯಾ ಕೊಡುತ್ತಿತ್ತು! ಸೊಸೆಯಾಗಿದ್ದಾಗ ಅತ್ತೆಯ ಕೀಲಿಕೈ ಗೊಂಚಲನ್ನು ಕಂಡು ಕಣ್ಣೀರು ಹಾಕಿದವಳೇ, ತಾನು ಅತ್ತೆಯಾದ ದಿನ ಆ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದನ್ನು ನಾವು ಎಷ್ಟು ಮನೆಗಳಲ್ಲಿ ನೋಡಿಲ್ಲ!

ನಡುವೆ ಸಿಕ್ಕಿದವರು

ನಮ್ಮ ದೇಶಕ್ಕೂ ಈ ಬಿಸಿ ತಟ್ಟಿದೆ. 2013ರಲ್ಲಿ ಸ್ವೀಡನ್ನಿನ ಎರಿಕ್ಸನ್ ನಮ್ಮವರೇ ಆದ ಮೈಕ್ರೋಮ್ಯಾಕ್ಸ್ ಮೇಲೆ, ಆಮೇಲೆ ಇಂಟೆಕ್ಸ್, ಲಾವಾಗಳ ಮೇಲೆ ದಿಲ್ಲಿಯಲ್ಲಿ ದಾವೆ ಹೂಡಿತು. ಕಡಿಮೆ ಬೆಲೆಯ ಫೋನು ಮಾಡಿ ಬಡ ಮಧ್ಯಮ ವರ್ಗದ ಮನೆಗಳಿಗೆ ತಲುಪಿಸಿದ ಕಂಪೆನಿಗಳಿವು. ಚಿಪ್ಪಿನ ಬೆಲೆಯ ಮೇಲೆ ಲೆಕ್ಕ ಹಾಕಿ, ಇಡೀ ಫೋನಿನ ಬೆಲೆಯ ಮೇಲಲ್ಲ ಎಂದು ಇವರೂ ವಾದಿಸಿದರು. 2024ರ ಮಾರ್ಚಿನಲ್ಲಿ ದಿಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಆ ವಾದವನ್ನು ಒಪ್ಪದೆ, ಎರಿಕ್ಸನ್‌ಗೆ 244 ಕೋಟಿ ರೂಪಾಯಿ ಪರಿಹಾರ ಕೊಡುವಂತೆ ಲಾವಾಕ್ಕೆ ಆದೇಶಿಸಿತು. ಅಗ್ಗದ ಫೋನಿನಲ್ಲಿ ಲಾಭದ ಅಂಚು ತೀರಾ ತೆಳು. ಅದರಿಂದ ಕೊಟ್ಟದ್ದು ಕೊನೆಗೆ ಎಲ್ಲಿಂದ ಬರಬೇಕು ಎಂಬುದನ್ನು ಮನೆವಾರ್ತೆಯ ಲೆಕ್ಕ ಬಲ್ಲ ನಿಮಗೆ ವಿವರಿಸಬೇಕಾಗಿಲ್ಲ.

ಇನ್ನೊಂದು ಘಟನೆ ನನ್ನ ಮನಸ್ಸನ್ನು ಹೆಚ್ಚು ಕಲಕಿದೆ. ಚೆನ್ನೈ ಬಳಿಯ ಶ್ರೀಪೆರಂಬುದೂರಿನಲ್ಲಿ 2006ರಲ್ಲಿ ನೋಕಿಯಾದ ಕಾರ್ಖಾನೆ ಆರಂಭವಾಗಿತ್ತು. ಸಾವಿರಾರು ಮಂದಿ ಕೆಲಸಕ್ಕಿದ್ದರು, ಅವರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳಿಂದ ಬಂದ ಯುವತಿಯರು. ಮನೆಯಲ್ಲಿ ಮೊದಲ ಬಾರಿಗೆ ಸಂಬಳ ತಂದ ಹೆಣ್ಣುಮಕ್ಕಳು. 2013ರಲ್ಲಿ ಆದಾಯ ತೆರಿಗೆ ಇಲಾಖೆ ನೋಕಿಯಾಕ್ಕೆ 2,000 ಕೋಟಿ ರೂಪಾಯಿಗೂ ಹೆಚ್ಚಿನ ತೆರಿಗೆ ನೋಟೀಸು ಕೊಟ್ಟಿತು. ಈ ಜಗಳ ಪೇಟೆಂಟಿನದ್ದಲ್ಲ, ಆದರೆ ಇದೂ ರಾಯಲ್ಟಿಯದ್ದೇ. ಫಿನ್ಲೆಂಡಿನ ಮಾತೃ ಕಂಪೆನಿಗೆ ಸಾಫ್ಟ್‌ವೇರಿಗಾಗಿ ಕಳುಹಿಸಿದ ಹಣ ರಾಯಲ್ಟಿಯೇ ಅಲ್ಲವೇ, ಅದಕ್ಕೆ ತೆರಿಗೆ ಹಿಡಿಯಬೇಕಿತ್ತೇ ಎಂಬ ತಕರಾರು. ಸೊತ್ತು ಮುಟ್ಟುಗೋಲಿನಲ್ಲಿ ಸಿಕ್ಕಿದ್ದರಿಂದ ಕಾರ್ಖಾನೆಯನ್ನು ಮೈಕ್ರೋಸಾಫ್ಟಿಗೆ ವರ್ಗಾಯಿಸಲಾಗಲಿಲ್ಲ. 2014ರ ನವೆಂಬರ್ 1ರಂದು ಅದರ ಉತ್ಪಾದನೆ ನಿಂತಿತು. ತೆರಿಗೆ ವ್ಯಾಜ್ಯ ಭಾರತ ಮತ್ತು ಫಿನ್ಲೆಂಡಿನ ಮಾತುಕತೆಯಲ್ಲಿ 2018ರಲ್ಲಿ ತೀರಿತು. ಆ ಹೆಣ್ಣುಮಕ್ಕಳು ಅಷ್ಟರವರೆಗೆ ಕಾಯುವುದು ಸಾಧ್ಯವಿತ್ತೇ? ಆ ಜಾಗದಲ್ಲಿ 2020ರಲ್ಲಿ ಚಾರ್ಜರ್ ತಯಾರಿಸುವ ಸಾಲ್‌ಕಾಂಪ್ ಎಂಬ ಇನ್ನೊಂದು ಕಂಪೆನಿ ಕೆಲಸ ಆರಂಭಿಸಿತು. ಆದರೆ 2014ರಲ್ಲಿ 22 ವರ್ಷದವಳಾಗಿದ್ದವಳು 2020ರಲ್ಲಿ 28ರವಳು. ಆ ಆರು ವರ್ಷಗಳನ್ನು ಯಾವ ನ್ಯಾಯಾಲಯವೂ ಹಿಂದಿರುಗಿಸಲಾರದು.

ಸಹೋದರಿಯರೇ, ಇಷ್ಟನ್ನು ಓದಿ ನಮಗಾಗಬೇಕಾದದ್ದೇನು ಎಂದು ನೀವು ಕೇಳಬಹುದು. ಮೂರು ಮಾತು ಹೇಳುತ್ತೇನೆ.

ಒಂದು, ವ್ಯವಹಾರದ ಮಾತು ಸ್ಪಷ್ಟವಾಗಿರಲಿ. ತಂಗಿಗೆ ಕೊಟ್ಟ ಸಾಲವಿರಲಿ, ನೆರೆಯವಳ ಜೊತೆ ಸೇರಿ ಮಾಡುವ ಉಪ್ಪಿನಕಾಯಿ ವ್ಯಾಪಾರವಿರಲಿ, ಅಂಕಿ ಹೇಳಿ, ಬರೆದಿಡಿ. ಬರೆಯುವುದು ಅಪನಂಬಿಕೆಯ ಗುರುತಲ್ಲ, ಸಂಬಂಧವನ್ನು ಕಾಪಾಡುವ ಬೇಲಿ. ನ್ಯಾಯವಾದದ್ದನ್ನು ಕೊಡುತ್ತೇನೆ ಎಂಬ ಚಂದದ ಮಾತನ್ನು ನಂಬಿ ಅಂಕಿ ಬರೆಯದೆ ಬಿಟ್ಟದ್ದಕ್ಕೆ ಜಗತ್ತಿನ ಶ್ರೀಮಂತ ಕಂಪೆನಿಗಳೇ ಕೋಟಿಗಟ್ಟಲೆ ದಂಡ ತೆತ್ತಿವೆ.

ಎರಡು, ನಿಮ್ಮ ಕೌಶಲಕ್ಕೆ ಬೆಲೆ ಕೇಳಲು ನಾಚಿಕೊಳ್ಳಬೇಡಿ. ನೀವು ಹಾಕುವ ಮೆಹಂದಿಯ ವಿನ್ಯಾಸವನ್ನೋ ಹೊಲಿಯುವ ಕಸೂತಿಯನ್ನೋ ಬೇರೆಯವರು ನಕಲು ಮಾಡಿ ಮಾರಿದರೆ ಅದನ್ನು ಪ್ರಶ್ನಿಸುವುದರಲ್ಲಿ ತಪ್ಪಿಲ್ಲ. ಹೆಡಿ ಲಮಾರ್ ನೆನಪಿರಲಿ.

ಮೂರು, ಬೆಲೆ ಕಟ್ಟುವಾಗ ಒಂದು ಕ್ಷಣ ಎದುರಿನ ಕುರ್ಚಿಯಲ್ಲಿ ಕುಳಿತು ನೋಡಿ. ನಾನು ಕೊಡುವವಳಾಗಿದ್ದರೆ ಈ ಬೆಲೆಯನ್ನು ನ್ಯಾಯವೆನ್ನುತ್ತಿದ್ದೆನೇ? ಪಡೆಯುವವಳಾಗಿದ್ದರೆ ಇಷ್ಟಕ್ಕೆ ತೃಪ್ತಳಾಗುತ್ತಿದ್ದೆನೇ? ಎರಡೂ ಕುರ್ಚಿಗಳಿಂದ ಒಂದೇ ಉತ್ತರ ಬಂದರೆ ಅದೇ ನ್ಯಾಯವಾದ ಬೆಲೆ. ನೋಕಿಯಾಕ್ಕೆ ಕಾಲವೇ ಕುರ್ಚಿ ಬದಲಿಸಿತು. ನಮಗೆ ಅಷ್ಟು ಕಾಯುವ ಅಗತ್ಯವಿಲ್ಲ, ಮನಸ್ಸಿನಲ್ಲೇ ಬದಲಿಸಿಕೊಳ್ಳಬಹುದು.

ಡ್ರಾಯರಿನ ಆ ಹಳೆಯ ಫೋನು ಸಿಕ್ಕಿದರೆ ಒರೆಸಿಡಿ. ಮಕ್ಕಳು ಕೇಳಿದರೆ ಈ ಕತೆ ಹೇಳಿ. ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.